ಸಾಕಾ

ಸಿನಿಮಾ ಪ್ಲೇಟುಗಳನ್ನು ಬೆಂಗಳೂರಿನವರು ಬಂದು
ಜರಡಿ ಹಿಡಿದು ಒಯ್ದ ಮೇಲೆ
ಉಳಿದದ್ದು ನನ್ನದು.
ಶಿಡ್ಲಘಟ್ಟ, ದಿಬ್ಬೂರಹಳ್ಳಿ ರಸ್ತೆ, ದಸ್ತಗೀರ್ ಸಾಬರ ಗುಜರಿ;
ಸೈಕಲ್ ರಿಮ್ಮು, ಮುರಿದ ಚಂದ್ರಿಕೆ, ತೂತು ಕೊಡಗಳ ಹಿಂದೆ
ಒಂದು ಬಿಸ್ಕತ್ತಿನ ಡಬ್ಬ.

ಕತ್ತಲಲ್ಲೇ ಕೈಯಾಡಿಸುತ್ತೇನೆ.
ಎಣ್ಣೆ ಕಂಪನಿಯೊಂದು ದೀಪಾವಳಿಗೆ ಪುಕ್ಕಟೆ ಹಂಚಿದ್ದು.
ಹರಿಕಥೆಯ ಎರಡನೇ ಭಾಗ, ಮೊದಲನೆಯದು ಎಲ್ಲೂ ಇಲ್ಲ:
ಸೀತೆ ಆಗಲೇ ಅಶೋಕವನದಲ್ಲಿ ಕೂತಿದ್ದಾಳೆ,
ಹೇಗೆ ಬಂದಳೋ ದಾಸರಿಗೇ ಗೊತ್ತು.
ಮೈಕ್ ಸೆಟ್ಟಿನವನು ತನ್ನ ಹೆಸರನ್ನು ಹಸಿರು ಪೇಂಟಲ್ಲಿ ಬರೆದು
ನುಡಿಸಿದವರ ಹೆಸರನ್ನೇ ಮುಚ್ಚಿಹಾಕಿದ ಒಂದು ವಾಲಗ.
ಇಂಥವನ್ನು ಕಾಯಿಸಿ ಬಗ್ಗಿಸಿ ಬಟ್ಟಲು ಮಾಡುತ್ತಾರಂತೆ,
ಗಡಿಯಾರ ಮಾಡುತ್ತಾರಂತೆ.
ಎರಡೂ ಮಗ್ಗುಲಲ್ಲಿ ಹಾಡು ಇಟ್ಟುಕೊಂಡು
ಬರೀ ಹೊತ್ತು ತೋರಿಸುವುದು ಎಂಥ ಬಾಳು.

"ಏನು ಅಕ್ಕಯಮ್ಮಾ, ಇವನ್ನೆಲ್ಲ ಉಪ್ಪಿನಕಾಯಿ ಹಾಕ್ತೀಯಾ?"
ಅನ್ನುತ್ತಾರೆ ಸಾಬರು.
ಕೆಜಿ ಲೆಕ್ಕ. ತಕ್ಕಡಿಯಲ್ಲಿ
ಹಾಡಿಗೂ ಗೀರಿಗೂ ಒಂದೇ ತೂಕ.

ಇಪ್ಪತ್ತೆಂಟು ವರ್ಷ ಕುದಿನೀರ ಬಾಂಡಲಿಯಲ್ಲಿ
ಗೂಡು ಕೆದಕಿ ಎಳೆಯ ತುದಿ ಹುಡುಕಿದ ಕೈ ನನ್ನದು.
ಬೆರಳ ಗೆರೆಯೆಲ್ಲ ನೀರಿಗೆ ಹೋಯಿತು.
ರೇಷನ್ ಡಿಪೋದ ಮೆಷಿನ್ನು ಹೆಬ್ಬೆಟ್ಟನ್ನು
ಮೂರು ಸಲ ಒತ್ತಿಸಿಕೊಂಡು
ನೀನು ನೀನಲ್ಲ ಅನ್ನುತ್ತದೆ.
ಪ್ಲೇಟಿಗೆ ಇನ್ನೂ ಗೆರೆ ಇದೆ.
ಸೆರಗಲ್ಲಿ ಒರೆಸಿ ಬಲ್ಬಿಗೆ ಹಿಡಿದರೆ ಕಾಣುತ್ತದೆ.

ಬೆಲ್ಟು ಹರಿದಾಗ ಸೈಕಲ್ ಟ್ಯೂಬು ಕತ್ತರಿಸಿ ಹಾಕಿದೆ.
ಮುಳ್ಳು ಹಾರದಿರಲಿ ಅಂತ ಅದರ ತಲೆಯ ಮೇಲೆ
ಹಳೇ ಎಂಟಾಣೆ.

ಆವತ್ತು ಸಿಕ್ಕಿದ್ದು ತಟ್ಟೆ ಇಡ್ಲಿಯಗಲದ್ದು,
ಲೇಬಲ್ಲಿನ ಮೇಲೆ ಇಲಾಖೆಯ ಮೊಹರು, ಕೆಳಗೆ
ಹುಳ ಸಾಕುವ ಬಗೆ.
ಒಬ್ಬ ಹೆಂಗಸು ಓದುತ್ತಾಳೆ. ನಮ್ಮ ಕಡೆಯವಳೇ,
ಸೊಪ್ಪು ಅನ್ನುವಾಗ ತೆಲುಗಿನ ಸಣ್ಣ ಎಳೆತ.
ಎಳೇ ಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಕಿ.
ಜ್ವರಕ್ಕೆ ಕೂತ ಹುಳವನ್ನು ಎಬ್ಬಿಸಬೇಡಿ.
ನಾಲ್ಕನೇ ಜ್ವರ ಕಳೆದ ಮೇಲೆ ಹಸಿವು ಜಾಸ್ತಿ,
ಆಗ ಅಳೆದು ಹಾಕಬೇಡಿ.
ಎಲ್ಲ ಮುಗಿದು ಮುಳ್ಳು ಸುಮ್ಮನೆ ಕರಕರ ಸುತ್ತುವಾಗ,
ಯಾರೋ ಕತ್ತರಿಸಲು ಮರೆತ ಜಾಗದಲ್ಲಿ,
ಕಾಗದ ಮಡಿಚಿದ ಸದ್ದು. ಒಂದು ಬಳೆ.
ಆಮೇಲೆ ಯಾರನ್ನೋ ಕೇಳುತ್ತಾಳೆ,
"ಸಾಕಾ?"

ಅಷ್ಟೇ. ಆ ಕಡೆಯಿಂದ ಉತ್ತರವಿಲ್ಲ.

ಗೂಡಿನ ಮಾರ್ಕೆಟ್ಟಿನಲ್ಲಿ ವಿಚಾರಿಸಿದೆ.
ಮೇಲೂರಿನ ಟೀಚರಮ್ಮ ಇರಬೇಕು ಅಂದ ಒಬ್ಬ.
ಜಂಗಮಕೋಟೆಯವಳು, ತೀರಿಕೊಂಡು ಬಹಳ ದಿನವಾಯಿತು ಅಂದ ಇನ್ನೊಬ್ಬ.
ಹರಾಜು ಕೂಗುವ ಪಿಳ್ಳಪ್ಪ ಮಾತ್ರ
ದುಡ್ಡಿನ ವಿಚಾರ ಏನಾದರೂ ಇದೆಯಾ ಅಂದ.

ಪಕ್ಕದ ಬಾಂಡಲಿಯ ಹಸೀನಾಳ ಮಗ
ಮೊಬೈಲಿಗೆ ಇಳಿಸಿಕೊಟ್ಟ, ಗಲಾಟೆಯನ್ನೆಲ್ಲ ಸೋಸಿ.
ಸೊಪ್ಪು ಇದೆ, ಜ್ವರ ಇದೆ, ಹಸಿವೂ ಇದೆ.
ಕರಕರದ ಜೊತೆಗೆ ಬಳೆಯೂ ಹೋಗಿದೆ,
ಅವಳು ಕೇಳಿದ್ದೂ ಹೋಗಿದೆ.
"ಅದು ಮಾತಲ್ಲ ಚಿಕ್ಕಮ್ಮ, ಕಸ," ಅಂದ.
ಒಳ್ಳೆ ಹುಡುಗ. ಚಾ ಕುಡಿಸಿ ಕಳಿಸಿದೆ.

ಹಾಕಿದಷ್ಟು ಸಲವೂ ಮುಳ್ಳು
ಒಂದಿಷ್ಟು ಕೆರೆದುಕೊಂಡೇ ಹೋಗುತ್ತದೆ, ಗೊತ್ತು,
ಎಂಟಾಣೆಯ ಭಾರ ಬೇರೆ.
ಅದಕ್ಕೇ ನೆಂಟರಿಗೆ ಹಾಕುವುದಿಲ್ಲ, ಹಬ್ಬಕ್ಕೂ ಇಲ್ಲ.
ಕರೆಂಟು ಹೋಗಿ ಬಂದ ರಾತ್ರಿ, ಕೈ ಉರಿದು ನಿದ್ದೆ ಬಾರದಾಗ,
ಬೆರಳಿಗೆಲ್ಲ ಕೊಬ್ಬರಿ ಎಣ್ಣೆ ಸವರಿಕೊಂಡು
ಒಂದೇ ಸಲ.

ಕಾಗದ. ಬಳೆ. ಕೇಳುತ್ತಾಳೆ.
ಇಲ್ಲ ಕಣಮ್ಮ, ಇನ್ನೊಂಚೂರು ಅನ್ನುತ್ತೇನೆ,
ಎಣ್ಣೆ ತಾಗದ ಕಿರುಬೆರಳಲ್ಲಿ
ಮುಳ್ಳನ್ನು ಎತ್ತುತ್ತಾ.